ಪಂಜರದ ಹಕ್ಕಿ ಮೊಟ್ಟೆ ಇಡುತ್ತಲೇ ಇದೆಯೇ? ಮೊಟ್ಟೆ ತೆಗೆಯಬೇಡಿ

ಕೋಳಿ ಸಾಕಿದವರಿಗೆ ಮೊಟ್ಟೆ ಹೆಚ್ಚಿದಷ್ಟೂ ಲಾಭ. ಆದರೆ ಮೊಟ್ಟೆ ಹೆಚ್ಚಿದಷ್ಟೂ ಪ್ರಾಣಕ್ಕೆ ಎರವಾಗುವ ಹಕ್ಕಿಯೊಂದಿದೆ. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಬೊಟ್ಟು ಇರುವ ಆ ಹಕ್ಕಿಯ ಹೆಸರು ಕಾಕಟೀಲ್. ಅಂಗಡಿಗಳಲ್ಲಿ ಇದನ್ನು ‘ಕಾಕ್‌ಟೇಲ್’ ಎಂದೂ ಕರೆಯುವುದುಂಟು. ನಮ್ಮ ಕಾಡಿನ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಕಟೀಲ್ ಆಸ್ಟ್ರೇಲಿಯಾ ಮೂಲದ್ದು. ಪಂಜರದಲ್ಲೇ ಮರಿ ಮಾಡಿಸಿ ಮಾರುತ್ತಾರೆ. ಸೋಗಾನೆಯ ಕಡೆಯವರಿಗೆ ಶಿವಮೊಗ್ಗ, ಭದ್ರಾವತಿ ಎರಡೂ ಪೇಟೆಗಳು ಹತ್ತಿರ. ಮಕ್ಕಳ ಹಠಕ್ಕೆ ಒಂದು ಹಕ್ಕಿ ಮನೆ ಸೇರುವುದು ಕಷ್ಟದ ಮಾತಲ್ಲ.

ಹಾಗೆ ತಂದ ಹಕ್ಕಿ ಹೆಣ್ಣಾಗಿದ್ದರೆ, ಜೊತೆಗೆ ಗಂಡು ಇಲ್ಲದಿದ್ದರೂ ಅದು ಮೊಟ್ಟೆ ಇಡಬಲ್ಲದು. ಇದರಲ್ಲಿ ಸೋಜಿಗವಿಲ್ಲ. ಹುಂಜವಿಲ್ಲದ ಫಾರಂ ಕೋಳಿಯೂ ಮೊಟ್ಟೆ ಇಡುತ್ತದಲ್ಲವೇ? ಮರಿಯಾಗದ ಮೊಟ್ಟೆ ಏಕೆಂದು ಮನೆಯವರು ತೆಗೆದುಬಿಡುತ್ತಾರೆ. ಎರಡು ದಿನಕ್ಕೆ ಇನ್ನೊಂದು ಇಡುತ್ತದೆ. ಅದನ್ನೂ ತೆಗೆಯುತ್ತಾರೆ. ತೆಗೆದಷ್ಟೂ ಹಕ್ಕಿ ಇಡುತ್ತಾ ಹೋಗುತ್ತದೆ, ಸೊರಗುತ್ತಾ ಹೋಗುತ್ತದೆ.

ಸಣ್ಣ ದೇಹ, ದೊಡ್ಡ ಹೊರೆ

ಕಾಕಟೀಲ್ ತೂಗುವುದು 80ರಿಂದ 100 ಗ್ರಾಂ. ಅದರ ಮೊಟ್ಟೆ ಸುಮಾರು 5 ಗ್ರಾಂ. ಸಾಮಾನ್ಯವಾಗಿ ದಿನ ಬಿಟ್ಟು ದಿನದಂತೆ 4ರಿಂದ 7 ಮೊಟ್ಟೆ ಇಟ್ಟು ಕಾವು ಕೂರುತ್ತದೆ. ಐದು ಮೊಟ್ಟೆಯೆಂದರೆ ತನ್ನ ತೂಕದ ಕಾಲು ಭಾಗದಷ್ಟನ್ನು ಹತ್ತು ದಿನದೊಳಗೆ ಹೊರಹಾಕಿದಂತಾಯಿತು.

ಮೊಟ್ಟೆಯ ಚಿಪ್ಪು ಬಹುಪಾಲು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಮೊಟ್ಟೆ ಕೋಳಿಯ ಆಹಾರದಲ್ಲಿ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುವಂತೆ ಬೆರೆಸಿರುತ್ತಾರೆ. ಕಾಕಟೀಲಿಗೆ ನಾವು ಹಾಕುವ ನವಣೆ, ಸೂರ್ಯಕಾಂತಿ ಬೀಜಗಳಲ್ಲಿ ಅದು ಬಹಳ ಕಡಿಮೆ. ಆಗ ಹಕ್ಕಿ ತನ್ನ ಮೂಳೆಯಿಂದಲೇ ಸುಣ್ಣ ಎಳೆದು ಚಿಪ್ಪು ಕಟ್ಟುತ್ತದೆ. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಮೇಲೆ ಹಾಲು ಜ್ವರ ಬಂದು ನೆಲ ಹಿಡಿಯುವುದನ್ನು ನೀವು ಕಂಡಿರಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಸ್ನಾಯುಗಳು ಸೋಲುವುದೇ ಅದಕ್ಕೆ ಕಾರಣ. ಹಕ್ಕಿಯಲ್ಲೂ ಹಾಗೆಯೇ. ಮೊಟ್ಟೆಯನ್ನು ಹೊರತಳ್ಳುವ ಶಕ್ತಿ ಕುಂದಿ, ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಪ್ರಾಣ ತೆಗೆಯುವುದು ಇದೇ.

ಕೋಳಿ ಫಾರಂ ಪಾಠವನ್ನು ತಿರುವಿ ಹಾಕಿ

ಕೋಳಿಯಿಂದ ಹೆಚ್ಚು ಮೊಟ್ಟೆ ಪಡೆಯಲು ಏನು ಮಾಡುತ್ತೇವೆ? ದಿನಕ್ಕೆ 16 ಗಂಟೆ ಬೆಳಕು ಕೊಡುತ್ತೇವೆ, ಹೊಟ್ಟೆ ತುಂಬ ಪುಷ್ಟಿಯ ಆಹಾರ ಹಾಕುತ್ತೇವೆ, ಗೂಡು ಇಡುತ್ತೇವೆ, ಇಟ್ಟ ಮೊಟ್ಟೆಯನ್ನು ದಿನವೂ ತೆಗೆಯುತ್ತೇವೆ. ಕಾಕಟೀಲ್ ಮೊಟ್ಟೆ ನಿಲ್ಲಿಸಬೇಕಾದರೆ ಇವೆಲ್ಲವನ್ನೂ ತಿರುವು ಮುರುವು ಮಾಡಿದರಾಯಿತು.

ಮೊದಲನೆಯದಾಗಿ, ಇಟ್ಟ ಮೊಟ್ಟೆಯನ್ನು ಅಲ್ಲೇ ಬಿಡಿ. ನಾಟಿ ಕೋಳಿ ಗೂಡಿನಲ್ಲಿ ಮೊಟ್ಟೆ ತುಂಬಿದರೆ ಇಡುವುದು ನಿಲ್ಲಿಸಿ ಕಾವು ಕೂರುವುದು ನಿಮ್ಮ ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಕಾಕಟೀಲ್ ಕೂಡ ಅದೇ ಜಾಡಿನದು. ಕೂತು ಕೂತು ಬೇಸತ್ತು ಸುಮಾರು ಮೂರು ವಾರಕ್ಕೆ ತಾನೇ ಎದ್ದುಹೋಗುತ್ತದೆ. ಆಮೇಲೆ ಮೊಟ್ಟೆಗಳನ್ನು ತೆಗೆಯಿರಿ. ನಡುವೆ ಮೊಟ್ಟೆ ಒಡೆದರೆ ಅದೇ ಗಾತ್ರದ ಮರದ ಇಲ್ಲವೆ ಪ್ಲಾಸ್ಟಿಕ್ಕಿನ ಹುಸಿ ಮೊಟ್ಟೆ ಇಡಿ. ಜೊತೆಗೆ ಗಂಡು ಹಕ್ಕಿ ಇದ್ದು ಮರಿ ಬೇಡವೆಂದಾದರೆ, ಇಟ್ಟ ದಿನವೇ ಮೊಟ್ಟೆಯನ್ನು ಬೇಯಿಸಿ, ಪೂರ್ತಿ ಆರಿಸಿ, ಮತ್ತೆ ಅಲ್ಲೇ ಇಡಿ.

ಎರಡನೆಯದು ಕತ್ತಲೆ. ನಮ್ಮ ಜಿಲ್ಲೆಯಲ್ಲಿ ಹಗಲು ಡಿಸೆಂಬರಿನಲ್ಲಿ ಹನ್ನೊಂದೂಕಾಲು ಗಂಟೆ, ಜೂನ್ ತಿಂಗಳಲ್ಲಿ ಸುಮಾರು ಹದಿಮೂರು ಗಂಟೆ. ಸೂರ್ಯನ ಬೆಳಕಿನಿಂದ ತೊಂದರೆಯಿಲ್ಲ. ರಾತ್ರಿ ಹತ್ತು ಗಂಟೆಯವರೆಗೆ ಉರಿಯುವ ಮನೆಯ ದೀಪ ಮತ್ತು ಟಿ.ವಿ.ಯಿಂದ ಹಕ್ಕಿಯ ಪಾಲಿಗೆ ಹಗಲು ಹದಿನಾರು ಗಂಟೆಯಾಗುತ್ತದೆ. ಆದ್ದರಿಂದ ಸಂಜೆ ಆರಕ್ಕೆ ಪಂಜರವನ್ನು ಸದ್ದಿಲ್ಲದ ಕೋಣೆಗೆ ಒಯ್ದು ದಪ್ಪ ಬಟ್ಟೆ ಮುಚ್ಚಿ. ಗಾಳಿಯಾಡಲು ಒಂದು ಬದಿ ಸ್ವಲ್ಪ ಬಿಡಿ. ದಿನಕ್ಕೆ 12ರಿಂದ 14 ಗಂಟೆ ಕತ್ತಲೆ ಸಿಗಬೇಕು.

ಮೂರನೆಯದು ಗೂಡಿನ ಆಸೆ. ಕಾವು ಬಿಟ್ಟೆದ್ದ ಮೇಲೆ ಪಂಜರದೊಳಗಿನ ಮರದ ಪೆಟ್ಟಿಗೆ, ಕುಡಿಕೆ, ಹರಿದು ಗುಡ್ಡೆ ಹಾಕಿದ ಕಾಗದ, ಕನ್ನಡಿ ಎಲ್ಲ ತೆಗೆಯಿರಿ. ಹೊರಬಿಟ್ಟಾಗ ಮಂಚದ ಕೆಳಗೆ, ಕಪಾಟಿನ ಸಂದಿಗೆ ನುಸುಳದಂತೆ ನೋಡಿಕೊಳ್ಳಿ. ಪಂಜರದ ಜಾಗ ಬದಲಿಸುವುದೂ ಒಳ್ಳೆಯದು. ಬೆನ್ನು, ರೆಕ್ಕೆಯ ಅಡಿ ಸವರಿದರೆ ಹಕ್ಕಿ ನಿಮ್ಮನ್ನೇ ಜೋಡಿ ಎಂದು ಭಾವಿಸುತ್ತದೆ. ತಲೆ, ಕತ್ತು ಮಾತ್ರ ಸವರಬೇಕೆಂದು ಮಕ್ಕಳಿಗೆ ತಿಳಿಸಿ.

ನಾಲ್ಕನೆಯದು ಆಹಾರ. ಆಸ್ಟ್ರೇಲಿಯಾದ ಒಣ ಬಯಲಿನಲ್ಲಿ ಮಳೆ ಬಿದ್ದು ಕಾಳು ಸಮೃದ್ಧವಾದಾಗ ಈ ಹಕ್ಕಿ ಮರಿ ಮಾಡುತ್ತದೆ. ಸದಾ ತುಂಬಿದ ಬಟ್ಟಲು ಅದಕ್ಕೆ ಸದಾ ಸುಗ್ಗಿಯಿದ್ದಂತೆ. ಉಪವಾಸ ಕೆಡವಬಾರದು. ಆದರೆ ಕಾಳನ್ನು ಅಳತೆಯಿಂದ ಹಾಕಿ. ಎಣ್ಣೆಯಂಶದ ಸೂರ್ಯಕಾಂತಿ ಬೀಜ, ನೆನೆಸಿದ ಕಾಳು, ಮೆತ್ತನೆಯ ತಿಂಡಿ ಕಡಿಮೆ ಮಾಡಿ. ನುಗ್ಗೆ ಸೊಪ್ಪು, ಕೊತ್ತಂಬರಿ ಸೊಪ್ಪು ತೊಳೆದು ಕೊಡಿ. ಬೆಣ್ಣೆಹಣ್ಣನ್ನು ಮಾತ್ರ ಎಂದಿಗೂ ಕೊಡಬೇಡಿ. ಹಕ್ಕಿಗಳಿಗೆ ಅದು ವಿಷ.

ಸುಣ್ಣದ ಕೊರತೆ ತುಂಬಲು ಅಂಗಡಿಯಲ್ಲಿ ಕಟಲ್ ಬೋನ್ ಎಂದು ಕೇಳಿ ತಂದು ಪಂಜರಕ್ಕೆ ಸಿಕ್ಕಿಸಿ. ಸಿಗದಿದ್ದರೆ ಕೋಳಿಮೊಟ್ಟೆಯ ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ನುಣ್ಣಗೆ ಪುಡಿಮಾಡಿ ಸೊಪ್ಪಿನ ಮೇಲೆ ಉದುರಿಸಿ. ಎಲೆಯಡಿಕೆಯ ಸುಣ್ಣ ಹಾಕಕೂಡದು, ಬಾಯಿ ಸುಡುತ್ತದೆ. ತಿಂದ ಸುಣ್ಣ ಮೈಗೆ ಹತ್ತಲು ಬೆಳಗಿನ ಎಳೆಬಿಸಿಲು ಬೇಕು. ಗಾಜಿನ ಕಿಟಕಿಯ ಮೂಲಕ ಬಂದ ಬಿಸಿಲು ಸಾಲದು. ಬಿಸಿಲಿಗಿಟ್ಟಾಗ ಪಂಜರದ ಅರ್ಧ ನೆರಳಿರಲಿ, ಬೆಕ್ಕಿನ ಮೇಲೆ ಕಣ್ಣಿರಲಿ.

ಈ ಚಿಹ್ನೆ ಕಂಡರೆ ತಡ ಮಾಡಬೇಡಿ

ಹಕ್ಕಿ ಗರಿ ಕೆದರಿಕೊಂಡು ಪಂಜರದ ತಳದಲ್ಲಿ ಕೂತಿದೆಯೇ? ಉಸಿರಿನೊಡನೆ ಬಾಲ ಮೇಲೆ ಕೆಳಗೆ ಆಡುತ್ತಿದೆಯೇ? ಮುಕ್ಕುತ್ತಿದೆಯೇ? ಕಾಲು ಸೋತು ಕೋಲಿನ ಮೇಲೆ ನಿಲ್ಲಲಾರದೇ? ಮೊಟ್ಟೆ ಸಿಕ್ಕಿಕೊಂಡಿದೆ ಎಂದೇ ತಿಳಿಯಿರಿ. ಹೊಟ್ಟೆ ಒತ್ತಬೇಡಿ, ಒಳಗೇ ಮೊಟ್ಟೆ ಒಡೆದರೆ ಉಳಿಯುವುದು ಕಷ್ಟ. ಎಣ್ಣೆ ಬಿಡುವ ನಾಟಿ ಉಪಾಯವೂ ಬೇಡ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಬದಿಗಿಟ್ಟು, ಹಕ್ಕಿಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ನಾಳೆ ನೋಡೋಣ ಎನ್ನುವ ಕಾಯಿಲೆ ಇದಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿರುವುದು ಸೋಗಾನೆ ಸುತ್ತಿನವರಿಗೆ ಅನುಕೂಲ.

ವರ್ಷಕ್ಕೆ ಒಂದೆರಡು ಬಾರಿ ನಾಲ್ಕಾರು ಮೊಟ್ಟೆ ಇಟ್ಟು ನಿಲ್ಲಿಸುವ ಗಟ್ಟಿ ಹಕ್ಕಿಯ ಬಗ್ಗೆ ಗಾಬರಿ ಬೇಡ. ಇಷ್ಟೆಲ್ಲ ಮಾಡಿದರೂ ಮೊಟ್ಟೆ ನಿಲ್ಲದಿದ್ದರೆ, ಚಿಪ್ಪು ಮೆತ್ತಗಾದರೆ, ವೈದ್ಯರನ್ನು ಕಾಣಿ. ಮೊಟ್ಟೆ ತಡೆಯುವ ಹಾರ್ಮೋನ್ ಚಿಕಿತ್ಸೆಯೂ ಈಗ ಇದೆ. ಮೊಟ್ಟೆ ಇಟ್ಟ ದಿನವನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಟ್ಟರೆ ವೈದ್ಯರಿಗೆ ಹೇಳಲು ಸುಲಭ. ಆ ಗುರುತು ಹಾಕುವ ಕೆಲಸವನ್ನೂ ಸಂಜೆ ಪಂಜರ ಮುಚ್ಚುವ ಕೆಲಸವನ್ನೂ ಹಕ್ಕಿ ಬೇಕೆಂದು ಹಠ ಹಿಡಿದ ಮಕ್ಕಳಿಗೇ ಒಪ್ಪಿಸಿ.