ಎಲೆ ಹಸಿರು, ಕಾಯಿ ಜೊಳ್ಳು: ಇದೇಕೆ?

ಶೇಂಗಾ ಗಿಡ ಹಸಿರಾಗಿ ಹೊಲ ತುಂಬಿ ನಿಂತಿರುತ್ತದೆ. ದಾರಿಯಲ್ಲಿ ಹೋಗೋರು ‘ಈ ಸಲ ಚೆನ್ನಾಗೈತಲ್ಲಪ್ಪ’ ಅಂತಾರೆ. ಕಿತ್ತು ನೋಡಿದರೆ ಕಾಯಿ ಏನೋ ದಪ್ಪ, ಒಡೆದರೆ ಒಳಗೆ ಬೀಜವೇ ಇಲ್ಲ. 2017ರಲ್ಲಿ ನನ್ನ ಮೂರು ಎಕರೆಯಲ್ಲಿ ಹೀಗೇ ಆಯಿತು. ಅರ್ಧಕ್ಕರ್ಧ ಜೊಳ್ಳು. ಅಂಗಡಿಯವರು ಕೊಟ್ಟ ಟಾನಿಕ್ಕನ್ನೂ ಎಲೆಗೆ ಹೊಡೆದಿದ್ದೆ. ಎಲೆ ಮಿಂಚಿತು, ಕಾಯಿ ತುಂಬಲಿಲ್ಲ. ಸಾಲಕ್ಕೆ ಒಂದು ಜೊತೆ ಎತ್ತು ಮಾರಬೇಕಾಯಿತು.

ನಾನು ಓದಿದ್ದು ಏಳನೇ ಕ್ಲಾಸು. ಕಾರಣ ತಿಳಿದದ್ದು ತಮ್ಮನ ಮಗಳಿಂದ. ಅವಳು ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಮಾಡಿ ತೋರಿಸಿದಳು. ಲೋಟದ ನೀರಿಗೆ ಕೆಂಪು ಇಂಕು ಹಾಕಿ ಸುಗಂಧರಾಜದ ದಂಟು ನಿಲ್ಲಿಸಿದಳು. ಮಾರನೇ ದಿನ ಬಿಳೀ ಹೂವಿನಲ್ಲಿ ಕೆಂಪು ಗೆರೆ ಮೂಡಿತ್ತು. ‘ಇದನ್ನ ಮೇಲಕ್ಕೆ ಏರಿಸಿದ್ದು ಯಾರು ದೊಡ್ಡಪ್ಪ?’ ಅಂದಳು. ಬೇರು ಕೆಳಗಿಂದ ನೂಕುತ್ತದೆ ಅಂತ ನಾನು ತಿಳಿದಿದ್ದೆ. ಇಲ್ಲಿ ಬೇರೇ ಇರಲಿಲ್ಲವಲ್ಲ!

ಬೇರು ಸ್ವಲ್ಪ ನೂಕುವುದುಂಟು. ಆದರೆ ಹಗಲಲ್ಲಿ ನೀರನ್ನು ಎಳೆಯೋದು ಎಲೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ. ಪುಸ್ತಕದಲ್ಲಿ ಪತ್ರರಂಧ್ರ ಅಂತಾರೆ. ಬಿಸಿಲು ಬಿದ್ದಾಗ ಅವು ತೆರೆದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆ ತಗೊಳ್ಳುತ್ತವೆ. ಅದೇ ಗಿಡದ ಅಡಿಗೆಯ ಹಿಟ್ಟು. ಬಾಯಿ ತೆರೆದ ಮೇಲೆ ಒಳಗಿನ ನೀರು ಆವಿಯಾಗಿ ಹೊರಗೆ ಹೋಗದೆ ಇರುತ್ತದೆಯೇ? ಹೋದಷ್ಟೂ ಹಿಂದಿನ ನೀರನ್ನು ಎಳೆಯುತ್ತದೆ. ದಂಟಿನೊಳಗೆ ಕೂದಲಿಗಿಂತ ಸಣ್ಣ ಕೊಳವೆಗಳಿದ್ದು, ಬೇರಿನಿಂದ ಎಲೆವರೆಗೂ ನೀರಿನ ಎಳೆ ಕಡಿಯದೆ ನಿಂತಿರುತ್ತದೆ. ಬೇರು ಹೀರಿದ ನೂರು ಪಾಲಿನಲ್ಲಿ 95ಕ್ಕೂ ಹೆಚ್ಚು ಪಾಲು ಹೀಗೆ ಗಾಳಿಗೇ ಹೋಗುತ್ತದಂತೆ. ಗೊಬ್ಬರದ ಸತ್ವವೂ, ಸುಣ್ಣದಂಶವೂ ಆ ನೀರಿನಲ್ಲೇ ಕರಗಿ ಮೇಲೇರುತ್ತವೆ.

ಎಲೆ ಮಾಡಿದ ಸಕ್ಕರೆ ಕೆಳಗಿಳಿಯಲು ಬೇರೆ ಕೊಳವೆಗಳುಂಟು. ನೆಲದೊಳಗಿನ ಕಾಯಿಗೆ ಊಟ ಬರೋದು ಆ ದಾರಿಯಲ್ಲಿ. ಗುಟ್ಟು ಇರುವುದು ಇಲ್ಲೇ. ಪೊಟ್ಯಾಷ್ ಆ ದಾರಿಯಲ್ಲಿ ಇಳಿಯುತ್ತದೆ, ಸುಣ್ಣದಂಶ ಮಾತ್ರ ಇಳಿಯುವುದಿಲ್ಲ ಅನ್ನಬಹುದು. ಎಲೆಗೆ ಹೋದದ್ದು ಎಲೆಯಲ್ಲೇ ಕೂರುತ್ತದೆ. ಕಾಯಿಯಾದರೋ ಮಣ್ಣೊಳಗಿದೆ. ಅದಕ್ಕೆ ಬಿಸಿಲಿಲ್ಲ, ಬೆವರಿಲ್ಲ, ಹಾಗಾಗಿ ನೀರಿನ ಎಳೆತವೂ ಇಲ್ಲ. ಬೇರಿನಿಂದ ಏರಿದ ಸುಣ್ಣ ಅದರ ಕಡೆ ತಿರುಗಿಯೂ ನೋಡದೆ ಎಲೆಗೆ ಹೋಗುತ್ತದೆ. ಬೀಜ ಕಟ್ಟಲು ಬೇಕಾದ ಸುಣ್ಣವನ್ನು ಕಾಯಿ ತನ್ನ ಸಿಪ್ಪೆಯ ಮೂಲಕ ಸುತ್ತಲಿನ ಮಣ್ಣಿನಿಂದಲೇ ಹೀರಬೇಕು. ನಮ್ಮ ಕೆಂಪು ಮರಳು ಮಣ್ಣಿನಲ್ಲಿ ಅದು ಕಮ್ಮಿ. ನಾನು ಟಾನಿಕ್ ಹೊಡೆದದ್ದು ಎಲೆಗೆ, ಹಸಿದಿದ್ದದ್ದು ಕಾಯಿ.

ಎಕರೆಗೆ 200 ಕೆ.ಜಿ. ಜಿಪ್ಸಂ ಹಾಕಿ ಅಂತ ಕೃಷಿ ಇಲಾಖೆಯವರು ಹೇಳುತ್ತಲೇ ಇದ್ದರು. ‘ಹಸಿರಾಗಿರೋ ಗಿಡಕ್ಕೆ ಇನ್ನೊಂದು ಖರ್ಚು ಯಾಕೆ’ ಅಂತ ಬಿಟ್ಟಿದ್ದೆ. ಮಾರನೇ ವರ್ಷದಿಂದ ಹೂ ಬಿಡುವಾಗ ಸಾಲಿನ ಬುಡಕ್ಕೇ ಉದುರಿಸಿ ಎಡೆಕುಂಟೆ ಹೊಡೆಯುತ್ತೇನೆ. ಸೂಜಿಯಂಥಾ ಕಡ್ಡಿ ಇಳಿಯುವ ಮೇಲಿನ ಎರಡು ಮೂರು ಇಂಚು ಮಣ್ಣಿಗೆ ಅದು ಸೇರಬೇಕು. ಕಡ್ಡಿ ಇಳಿದ ಮೇಲೆ ಕುಂಟೆ ಹಾಕಬಾರದು, ಮುರಿದು ಹೋಗುತ್ತವೆ.

ಆದರೆ ಜಿಪ್ಸಂ ಕರಗಲು ಮಣ್ಣಿನಲ್ಲಿ ತೇವ ಬೇಕಲ್ಲ. ಅದನ್ನು ಕಂಡದ್ದು 2023ರ ಬರದಲ್ಲಿ. ನಮ್ಮಣ್ಣನ ಹೊಲ ನನ್ನದರ ಪಕ್ಕದ್ದೇ. ಕೂಲಿ ಸಿಗದೆ ಅವನು ಕಳೆ ಬಿಟ್ಟಿದ್ದ. ‘ಇರಲಿ ಬಿಡೋ, ಭೂಮಿಗೆ ನೆರಳಾಗ್ತದೆ’ ಅಂದ. ನಾನು ಮಾತು ಬೆಳೆಸಲಿಲ್ಲ. ಒಂದು ಬೆಳಗ್ಗೆ ಅವನ ಹೊಲದ ಅಣ್ಣೆಸೊಪ್ಪಿನ ಟೊಂಗೆಗೊಂದು, ಶೇಂಗಾ ಟೊಂಗೆಗೊಂದು ಪ್ಲಾಸ್ಟಿಕ್ ಕವರು ಕಟ್ಟಿದೆ. ಮಧ್ಯಾಹ್ನ ಎರಡರಲ್ಲೂ ಒಳಗೆ ನೀರು ಹನಿಗಟ್ಟಿತ್ತು. ‘ನೋಡಣ್ಣ, ಇದೂ ನಿನ್ನ ಭೂಮಿಯ ನೀರೇ’ ಅಂದೆ. ನೆರಳು ಕೊಡೋದು ನಿಜವೇ, ಆದರೆ ಸತ್ತ ಕಳೆ ಹಾಸಿದರೆ ನೆರಳಾಗುತ್ತದೆ, ಜೀವಂತ ಕಳೆ ಎಂದರೆ ಹಗಲೆಲ್ಲಾ ಓಡುವ ಪಂಪು.

ಆಗಸ್ಟ್ ಪೂರ್ತಿ ಮಳೆ ಇಲ್ಲ. ಅವನ ಶೇಂಗಾ ಬೆಳಗ್ಗೆ ಒಂಬತ್ತಕ್ಕೇ ಎಲೆ ಮಡಚುತ್ತಿತ್ತು, ನನ್ನದು ಹನ್ನೆರಡರವರೆಗೆ ತಡೆಯುತ್ತಿತ್ತು. ಎಲೆ ಮಡಚಿ ಬಾಯಿ ಮುಚ್ಚಿದರೆ ನೀರು ಉಳಿಯುತ್ತದೆ ಸರಿ, ಆದರೆ ಗಾಳಿ ಒಳಗೆ ಬಾರದೆ ಅಡಿಗೆಯೂ ನಿಲ್ಲುತ್ತದೆ. ದಿನಕ್ಕೆ ಮೂರು ತಾಸಿನ ಊಟದ ವ್ಯತ್ಯಾಸ. ಇಬ್ಬರೂ ಜಿಪ್ಸಂ ಹಾಕಿದ್ದೆವು. ನನಗೆ ಎಕರೆಗೆ ನಾಲ್ಕು ಚೀಲ ಬಂತು. ಬರದಲ್ಲಿ ಅದೇ ದೊಡ್ಡದು. ಅವನಿಗೆ ಒಂದೂವರೆ ಚೀಲ, ಅದರಲ್ಲೂ ಜೊಳ್ಳು. ಕಿತ್ತ ಮೇಲೆ ನೋಡಿದರೆ ಅವನ ಸಾಲಿನಲ್ಲಿ ಜಿಪ್ಸಂ ಪುಡಿ ಕರಗದೆ ಬೆಳ್ಳಗೆ ಹಾಗೇ ಬಿದ್ದಿತ್ತು.