ಆಳಕ್ಕಿಳಿಯದ ಕಿರಣ

ಎಕ್ಸ್‌ರೇ ಪತ್ತೆಯಾದದ್ದು 1895ರಲ್ಲಿ. ಏಳೇ ವರ್ಷಕ್ಕೆ, 1902ರಲ್ಲಿ, ಶೋಲ್ಟ್ಸ್ ಎಂಬ ಜರ್ಮನ್ ವೈದ್ಯರು ಅದನ್ನು ಒಂದು ಅಪರೂಪದ ಚರ್ಮದ ಕ್ಯಾನ್ಸರಿಗೆ ಬಳಸಿದರು. ಮೈಕೋಸಿಸ್ ಫಂಗಾಯ್ಡಿಸ್ ಎಂಬ ಆ ಕಾಯಿಲೆಯನ್ನು 1806ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ವಿವರಿಸಿದವರು ಆಲಿಬೇರ್. ಅಣಬೆಗಳಂತೆ ಎದ್ದ ಗಡ್ಡೆಗಳಿಂದ ಆ ಹೆಸರು ಬಂತೇ ಹೊರತು, ಇದು ಫಂಗಸ್ ಸೋಂಕಲ್ಲ. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಟಿ ಕಣಗಳು ಕೆಟ್ಟು, ಚರ್ಮದಲ್ಲಿ ನೆಲೆಯೂರುವ ಲಿಂಫೋಮಾ.

ವಿಕಿರಣ ತಾಗಿದರೆ ಈ ಗಡ್ಡೆಗಳು ಬೇಗ ಕರಗುತ್ತವೆ. ಒಂದೆರಡು ಕಡೆ ಇದ್ದರೆ ಸರಿ, ಮೈತುಂಬ ಹರಡಿದ್ದರೆ? ಎಕ್ಸ್‌ರೇ ಚರ್ಮವನ್ನು ದಾಟಿ ಮೂಳೆಮಜ್ಜೆಗೂ ಕರುಳಿಗೂ ಹಾನಿ ಮಾಡುತ್ತದೆ. ಚರ್ಮವನ್ನು ಉಳಿಸಲು ಹೋಗಿ ರೋಗಿಯನ್ನೇ ಕಳೆದುಕೊಳ್ಳುವ ಅಪಾಯ.

ದಾರಿ ತೋರಿಸಿದ್ದು ಎಲೆಕ್ಟ್ರಾನ್. ವೇಗ ಕೊಟ್ಟು ಹಾಯಿಸಿದ ಎಲೆಕ್ಟ್ರಾನ್ ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಅದರ ಶಕ್ತಿಯೇ ನಿರ್ಧರಿಸುತ್ತದೆ. ಶಕ್ತಿಯನ್ನು ಹದವಾಗಿಟ್ಟರೆ ಬಹುಪಾಲು ಚರ್ಮದ ಪದರದಲ್ಲೇ ಮುಗಿದುಹೋಗುತ್ತದೆ. ಅಮೆರಿಕದ ಎಂಐಟಿಯಲ್ಲಿ ಭೌತವಿಜ್ಞಾನಿ ಜಾನ್ ಟ್ರಂಪ್ ವ್ಯಾನ್ ಡಿ ಗ್ರಾಫ್ ಜನರೇಟರಿನಿಂದ ಇಂಥ ಕಿರಣ ಪಡೆದು, ವೈದ್ಯರ ಜೊತೆಗೂಡಿ 1953ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ರೋಗಿ ಮಲಗಿದ ಮಂಚವೇ ಕಿರಣದ ಕೆಳಗೆ ನಿಧಾನವಾಗಿ ಸರಿಯುತ್ತಿತ್ತು.

ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಸ್ಟ್ಯಾನ್‌ಫರ್ಡ್ ವಿಧಾನ. ಕಾರ್ಜ್‌ಮಾರ್ಕ್ ಮತ್ತು ಸಂಗಡಿಗರು ಎಲೆಕ್ಟ್ರಾನಿಗೆ ವೇಗ ಕೊಡುವ ಲೀನಿಯರ್ ಆಕ್ಸಿಲರೇಟರ್ ಯಂತ್ರ ಬಳಸುವ ಅದರ ಮೊದಲ ರೂಪವನ್ನು 1960ರಲ್ಲಿ ವಿವರಿಸಿದರು. ಯಂತ್ರದಿಂದ ಮೂರು ಮೀಟರಿಗೂ ಹೆಚ್ಚು ದೂರದಲ್ಲಿ ರೋಗಿ ಬಟ್ಟೆಯಿಲ್ಲದೆ ನಿಲ್ಲಬೇಕು. ಒಂದು ಕೈ ಮೇಲಕ್ಕೆ, ಒಂದು ಕಾಲು ಮುಂದಕ್ಕೆ. ಎದುರು, ಬೆನ್ನು, ಓರೆ ಹೀಗೆ ಆರು ಭಂಗಿ. ಇವತ್ತು ಮೂರು, ನಾಳೆ ಮೂರು. ಪ್ರತಿ ಭಂಗಿಯಲ್ಲೂ ಯಂತ್ರ ಒಮ್ಮೆ ತಲೆಯ ಕಡೆಗೆ, ಒಮ್ಮೆ ಕಾಲಿನ ಕಡೆಗೆ ವಾಲುತ್ತದೆ. ಕಣ್ಣಿಗೆ ಕವಚ. ಅಂಗಾಲು, ನೆತ್ತಿ, ಚರ್ಮ ಮಡಿಚಿಕೊಳ್ಳುವ ಜಾಗಗಳಿಗೆ ಕಿರಣ ಸಾಕಷ್ಟು ತಲುಪದ್ದರಿಂದ ಅವಕ್ಕೆ ಬೇರೆಯಾಗಿ ಕೊಡುತ್ತಾರೆ. ರೋಗಿಗಳಲ್ಲಿ ಐವತ್ತು ದಾಟಿದವರೇ ಹೆಚ್ಚು. ಆ ವಯಸ್ಸಿನಲ್ಲಿ ಅಲುಗಾಡದೆ ನಿಲ್ಲುವುದೇ ದೊಡ್ಡ ಶ್ರಮ. ಅವರ ತಾಳ್ಮೆಯೂ ಈ ಚಿಕಿತ್ಸೆಯ ಒಂದು ಭಾಗವೇ.

ಹಿಂದೆ ಕೊಡುತ್ತಿದ್ದದ್ದು ಒಟ್ಟು 36 ಗ್ರೇ (ಗ್ರೇ ಎಂದರೆ ವಿಕಿರಣದ ಪ್ರಮಾಣದ ಅಳತೆ), ಸುಮಾರು ಒಂಬತ್ತು ವಾರ. ಕೂದಲು ಉದುರುತ್ತಿತ್ತು, ಉಗುರು ಕಳಚುತ್ತಿತ್ತು, ಬೆವರೂ ಬರುತ್ತಿರಲಿಲ್ಲ. ಇಷ್ಟಾದರೂ ಅನೇಕರಲ್ಲಿ ರೋಗ ಮರುಕಳಿಸುತ್ತಿತ್ತು. ಹಾಗಾಗಿ ಪ್ರಮಾಣವನ್ನು 12 ಗ್ರೇಗೆ ಇಳಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಮೂರು ಪ್ರಯೋಗಗಳ ಒಟ್ಟು ವಿಶ್ಲೇಷಣೆಯಲ್ಲಿ 33 ರೋಗಿಗಳ ಪೈಕಿ ಶೇ 88ರಷ್ಟು ಮಂದಿಗೆ ಗುಣ ಕಂಡಿತು. ದೊಡ್ಡ ಪ್ರಮಾಣದಲ್ಲಿ ಚರ್ಮ ಪೂರ್ತಿ ತಿಳಿಯಾಗುವ ಸಾಧ್ಯತೆ ಹೆಚ್ಚು, ನಿಜ. ಆದರೆ ಮರುಕಳಿಸುವ ಕಾಯಿಲೆಗೆ, ಮತ್ತೆ ಕೊಡಲು ಅವಕಾಶ ಉಳಿಸುವ ಸಣ್ಣ ಪ್ರಮಾಣವೇ ಹೆಚ್ಚು ಮಾನವೀಯ ಎಂದು ನನಗನ್ನಿಸುತ್ತದೆ.

ನಮ್ಮಂಥ ಕಂದು ಮೈಬಣ್ಣದವರಲ್ಲಿ ಈ ಕಾಯಿಲೆ ಕೆಲವೊಮ್ಮೆ ಬಿಳಚು ಮಚ್ಚೆಯಾಗಿ ತೋರಿ, ತೊನ್ನೋ ಕುಷ್ಠವೋ ಎಂಬ ಗುಮಾನಿ ಹುಟ್ಟಿಸುತ್ತದೆ. ಇಸುಬು, ಹುಳುಕಡ್ಡಿ ಎಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚುವವರೂ ಇದ್ದಾರೆ. ಸೊಂಟ, ಪೃಷ್ಠ, ತೊಡೆಯಂಥ ಬಿಸಿಲು ಕಾಣದ ಜಾಗದಲ್ಲಿ ಮಚ್ಚೆಯೆದ್ದು ತಿಂಗಳುಗಟ್ಟಲೆ ವಾಸಿಯಾಗದಿದ್ದರೆ ಚರ್ಮವೈದ್ಯರನ್ನು ಕಂಡು, ಬಯಾಪ್ಸಿ ಬೇಕೇ ಎಂದು ದಯವಿಟ್ಟು ಕೇಳಿ.