ರಂಗದ ಮೇಲೆ ಕಿಂದರಿಜೋಗಿ

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆಯ ಮಕ್ಕಳಿಗೆ ಇಲಿಯ ಕಾಟ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಮರವೇರಿ ಎಳೆಗಾಯಿ ಕೊರೆಯುವ ಇಲಿ, ಅದನ್ನು ತಡೆಯಲು ತೆಂಗಿನ ಮರದ ಮೈಗೆ ಸುತ್ತಿದ ತಗಡು, ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯುವ ಉಂಡೆ ಕೊಬ್ಬರಿ, ಎಲ್ಲವೂ ದಿನನಿತ್ಯ ಕಂಡದ್ದೇ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಈ ಸೀಮೆಯ ಶಾಲೆಯೊಂದು ವಾರ್ಷಿಕೋತ್ಸವಕ್ಕೆ ಎತ್ತಿಕೊಂಡರೆ ಮೊದಲ ದೃಶ್ಯಕ್ಕೆ ಪೀಠಿಕೆಯೇ ಬೇಡ.

ಕವಿತೆ ಹುಟ್ಟಿದ ಕಥೆಯಲ್ಲೂ ರಂಗಭೂಮಿಯ ನಂಟಿದೆ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಇದರ ಮೂಲವನ್ನು ಬರೆದದ್ದು ಪ್ರಸಿದ್ಧ ನಟ ಮ್ಯಾಕ್ರೆಡಿಯ ಪುಟ್ಟ ಮಗನಿಗಾಗಿ. ಕಾಯಿಲೆ ಮಲಗಿದ್ದ ಹುಡುಗ ಓದಿ ಚಿತ್ರ ಬರೆಯಲಿ ಎಂಬುದು ಉದ್ದೇಶ. 1842ರಲ್ಲಿ ಅದು ಅಚ್ಚಾಯಿತು. ಜರ್ಮನಿಯ ಹ್ಯಾಮೆಲಿನ್ ಊರಿನಲ್ಲಿ 1284ರಲ್ಲಿ 130 ಮಕ್ಕಳು ಕಾಣೆಯಾದರೆಂಬ ಐತಿಹ್ಯ ಅದಕ್ಕೆ ಆಧಾರ. ಕುವೆಂಪು ಅದನ್ನು ವೇಸರ್ ನದಿಯ ದಡದಿಂದ ತುಂಗೆಯ ದಡಕ್ಕೆ ತಂದರು. ನಗರಾಧ್ಯಕ್ಷ ಹೋಗಿ ಊರಗೌಡ ಬಂದ; ಊದುವ ಕೊಳಲು ಹೋಗಿ ಜೋಗಿಯ ಕಿಂದರಿ ಬಂತು. ಇದನ್ನು ಬರಿಯ ಅನುವಾದ ಎಂದು ಕರೆಯುವುದು ತಪ್ಪಾದೀತು.

ಈ ಪದ್ಯ ನಾಡಿನ ಶಾಲೆಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ ಮತ್ತೆ ಮತ್ತೆ ರಂಗವೇರಿದೆ. ಆದರೆ ಆಡಿಸಲು ಹೊರಟವರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ: ಪದ್ಯವನ್ನು ಒಡೆದು ಗದ್ಯದ ಸಂಭಾಷಣೆ ಬರೆಯುವುದು. ಆಗ ಗೌಡನಿಗೆ ಇಪ್ಪತ್ತು ಮಾತು, ಜೋಗಿಗೆ ಹತ್ತು ಮಾತು ಸಿಕ್ಕಿ, ಉಳಿದ ಮಕ್ಕಳು ಬಾಲ ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ತಂದೆತಾಯಿ ಕತ್ತು ಚಾಚಿ ಹುಡುಕುತ್ತಾರೆ!

ಪದ್ಯವೇ ಬೇರೆ ದಾರಿ ತೋರಿಸುತ್ತದೆ. ಅದು ನಾಲ್ಕು ಮಾತ್ರೆಗಳ ನಡಿಗೆಯಲ್ಲಿದೆ. ಚಪ್ಪಾಳೆಗೆ ತಾನಾಗಿ ಒಗ್ಗುತ್ತದೆ. ಅರ್ಧ ಮಕ್ಕಳು ಮೇಳವಾಗಿ ಕೂತು ಕಥೆ ಹಾಡಲಿ, ಅರ್ಧ ಮಕ್ಕಳು ಆಡಲಿ. ಭಾಗವತ ಹಾಡಿ ವೇಷಧಾರಿ ಕುಣಿಯುವ ಮೂಡಲಪಾಯದ ಪರಿಚಯವಿರುವ ತುಮಕೂರು ಸೀಮೆಗೆ ಇದು ಹೊಸತೇನಲ್ಲ. ಇಲಿಗಳ ದಂಡು ಬರುವಾಗ ಲಯ ಏರಬೇಕು, ಗೌಡ ಹಣ ಕೊಡಲು ಹಿಂದೆಮುಂದೆ ನೋಡುವಾಗ ಇಳಿಯಬೇಕು. ಮುಖ್ಯವಾದದ್ದು ಇನ್ನೊಂದಿದೆ: ಹೊಳೆಗೆ ಬಿದ್ದ ಇಲಿಗಳೇ ವೇಷ ಕಳಚಿ ಊರಿನ ಮಕ್ಕಳಾಗಿ ಬರಬೇಕು. ಇಲಿಗಳನ್ನು ಸೆಳೆದ ಧಾಟಿಯನ್ನೇ ಜೋಗಿ ಎರಡನೆಯ ಸಲ ನುಡಿಸಿದರೆ, ಆಗಷ್ಟೇ ನಕ್ಕಿದ್ದ ಸಭೆಗೆ ಮುಂದೇನಾಗುವುದೆಂದು ಯಾರೂ ಹೇಳಬೇಕಾಗಿಲ್ಲ.

ಹಾರ್ಮೋನಿಯಂ ಇಲ್ಲವೆಂದು ಕೊರಗುವ ಶಾಲೆಗಳು ಬಿ.ವಿ. ಕಾರಂತರನ್ನು ನೆನೆಯಬಹುದು. ಹುಡುಗನಾಗಿದ್ದಾಗ ಮನೆ ಬಿಟ್ಟು ಇದೇ ಜಿಲ್ಲೆಯಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಸೇರಿದವರು ಅವರು. ಗುಬ್ಬಿ ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳುಹಿಸಿದರು. ಮುಂದೆ 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದರು. ಕೈಗೆ ಸಿಕ್ಕ ವಸ್ತುವಿನಿಂದ ನಾದ ಹೊರಡಿಸುವುದರಲ್ಲಿ ಕಾರಂತರು ನಿಸ್ಸೀಮರು. ತೆಂಗಿನ ನಾಡಿನಲ್ಲಿ ಅಂಥ ವಸ್ತುಗಳಿಗೆ ಬರವೆಲ್ಲಿ? ಎರಡು ಕರಟ ಬಡಿದರೆ ಇಲಿಯ ಓಟ. ಒಣಗರಿ ಅಲುಗಿಸಿದರೆ ಹೊಳೆಯ ಮೊರೆತ. ಬಾಲಕ್ಕೆ ನಾರಿನ ಹಗ್ಗ. ಬಾಡಿಗೆ ವೇಷಭೂಷಣಕ್ಕೆ ಪೋಷಕರಿಂದ ಹಣ ಕೇಳುವ ಪ್ರಸಂಗವೇ ಬಾರದು.

ಇನ್ನು ಕುಂಟ ಹುಡುಗನ ಪಾತ್ರ. ಬೆಟ್ಟದ ಬಾಗಿಲು ಮುಚ್ಚಿದಾಗ ಹಿಂದೆ ಉಳಿದವನು ಅವನು. ಈ ಪಾತ್ರವನ್ನು ನಗೆಗಾಗಿ ಕುಂಟಿಸಿ, ಸಿಳ್ಳೆ ಗಿಟ್ಟಿಸುವ ಚಟ ಕೆಲವು ಕಡೆ ಇದೆ. ಅದು ಇಡೀ ನಾಟಕವನ್ನು ಕೆಡಿಸುತ್ತದೆ. ಅವನು ಜೊತೆಯವರಷ್ಟೇ ಆಸೆಯಿಂದ ಕುಣಿಯುತ್ತ ಹೊರಟವನು. ತಲುಪಲು ತುಸು ತಡವಾಯಿತು, ಅಷ್ಟೆ. ಅವನಿಗೆ ಹೆಚ್ಚು ಮಾತು ಬೇಡ. ಮೇಳದ ಕರಟಗಳು ಒಂದೊಂದಾಗಿ ನಿಲ್ಲಲಿ. ಬರಿದಾದ ರಂಗದಲ್ಲಿ ಹುಡುಗ ಮುಚ್ಚಿದ ಬಾಗಿಲನ್ನು ಒಮ್ಮೆ ತಟ್ಟಲಿ, ಆಮೇಲೆ ತಿರುಗಿ ಸಭೆಯಲ್ಲಿ ಕೂತಿರುವ ದೊಡ್ಡವರನ್ನು ನೋಡಲಿ.